ಫಾರಂ ತುಂಬಲು ಪಕ್ಕದಲ್ಲೊಬ್ಬರು

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಕಾಲೇಜು ಸೇರುವ ಹುಡುಗನಿಗೆ ಮಾರ್ಗದರ್ಶಕರು ಬೇಕಿರಲಿಲ್ಲ. ಬೇಕಿದ್ದುದು ಲ್ಯಾಟಿನ್ ಮತ್ತು ಗ್ರೀಕ್. ಹಾರ್ವರ್ಡ್‌ಗೋ ಯೇಲ್‌ಗೋ ಸೇರಬೇಕಾದವನು ಆಯಾ ಕಾಲೇಜಿನದೇ ಪರೀಕ್ಷೆ ಬರೆಯಬೇಕಿತ್ತು. ಕಾಲೇಜಿಗೊಂದು ಪರೀಕ್ಷೆಯಾದರೆ ಹೈಸ್ಕೂಲಿನವರು ಯಾವುದನ್ನು ನೆಚ್ಚಿ ಪಾಠ ಮಾಡಬೇಕು ಎಂಬ ತಕರಾರು ಬೆಳೆದು 1900ರಲ್ಲಿ ಕಾಲೇಜ್ ಬೋರ್ಡ್ ಹುಟ್ಟಿತು. ಮರುವರ್ಷದ ಜೂನ್‌ನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ಮೊದಲ ಸಲ ನಡೆಯಿತು. ಅಲ್ಲಿಗೆ ದಾರಿ ಸಲೀಸಾಗಬೇಕಿತ್ತು.

ಆಗಲಿಲ್ಲ. ಪರೀಕ್ಷೆಯೊಂದೇ ಅಳತೆಗೋಲಾದಾಗ ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಮನೆಗಳ ಮಕ್ಕಳು ಚೆನ್ನಾಗಿ ಅಂಕ ತೆಗೆದರು. 1920ರ ದಶಕದ ಆರಂಭದ ಹೊತ್ತಿಗೆ ಹಾರ್ವರ್ಡ್‌ಗೆ ಹೊಸದಾಗಿ ಸೇರಿದವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬ ಯಹೂದಿ. ವಿಶ್ವವಿದ್ಯಾಲಯದ ಅಧ್ಯಕ್ಷ ಲಾರೆನ್ಸ್ ಲೊವೆಲ್ ಅವರಿಗೆ ಇದು ಸರಿಬರಲಿಲ್ಲ. 1922ರ ಅರ್ಜಿ ಫಾರಂನಲ್ಲಿ ಹೊಸ ಪ್ರಶ್ನೆಗಳು ಬಂದು ಕೂತವು: ನಿನ್ನ ಧರ್ಮ ಯಾವುದು, ತಂದೆ ಹುಟ್ಟಿದ್ದು ಎಲ್ಲಿ, ಮದುವೆಗೆ ಮುಂಚೆ ತಾಯಿಯ ಹೆಸರೇನಿತ್ತು, ನೀನು ಹುಟ್ಟಿದ ಮೇಲೆ ನಿನ್ನ ಅಥವಾ ತಂದೆಯ ಹೆಸರೇನಾದರೂ ಬದಲಾಗಿದೆಯೇ? ಪ್ರತಿಷ್ಠಿತ ಕಾಲೇಜುಗಳು ಫೋಟೋ, ಸಂದರ್ಶನ, ಗುಣನಡತೆಯ ಬಗ್ಗೆ ಮೇಷ್ಟರ ಪತ್ರ ಎಲ್ಲವನ್ನೂ ಕೇಳತೊಡಗಿದವು. ಸಮಾಜಶಾಸ್ತ್ರಜ್ಞ ಜೆರೋಮ್ ಕರಬೆಲ್ 2005ರ ತಮ್ಮ ‘ದಿ ಚೋಸನ್’ ಗ್ರಂಥದಲ್ಲಿ ಈ ಕಥೆಯನ್ನು ಎಳೆ ಎಳೆಯಾಗಿ ಬಿಡಿಸಿಟ್ಟಿದ್ದಾರೆ. ಇವತ್ತು ಹದಿನೇಳರ ಮಕ್ಕಳ ನಿದ್ದೆ ಕೆಡಿಸುವ ‘ವ್ಯಕ್ತಿತ್ವ’ದ ಅರ್ಜಿ ಬೇರುಬಿಟ್ಟದ್ದು, ಕೆಲವರನ್ನು ಹೊರಗಿಡಲೆಂದು ಹೂಡಿದ ಈ ಹಂಚಿಕೆಯಲ್ಲೇ. ಸಿಇಟಿ ರ‍್ಯಾಂಕಿನ ಮೇಲೆ ಸೀಟು ಹಂಚುವ ಕರ್ನಾಟಕದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಸೈಬರ್ ಸೆಂಟರ್‌ಗಳ ಮುಂದಿನ ಜಾತ್ರೆ ಕಂಡವರಿಗೆ ಫಾರಂನ ಭಯ ಹೊಸದೇನಲ್ಲ.

ದಾರಿ ತೋರಿಸುವವರೂ ಬೇಕು ಎಂಬ ಯೋಚನೆ ಬಂದದ್ದು ಕಾಲೇಜಿನ ಕಡೆಯಿಂದಲ್ಲ, ಕೆಲಸದ ಕಡೆಯಿಂದ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಬಾಸ್ಟನ್ನಿನಲ್ಲಿ ಒಂದು ಪುಟ್ಟ ಕಚೇರಿ ತೆರೆದು, ಯಾವ ಕಸುಬು ಹಿಡಿಯಬೇಕೆಂದು ತೋಚದ ಹುಡುಗ ಹುಡುಗಿಯರ ಜೊತೆ ಕೂತು ಮಾತಾಡಿದರು. ಈ ಕೆಲಸಕ್ಕೆ ತರಬೇತಿ ಪಡೆದ ಜನ ಬೇಕೆಂದೂ ವಾದಿಸಿದರು. ಅದೇ ವರ್ಷ ತೀರಿಕೊಂಡರು. ಶಾಲೆಗಳಿಗೆ ಕೌನ್ಸೆಲರ್‌ಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅರ್ಧ ಶತಮಾನ ಕಳೆದು, ಅದೂ ಸೋವಿಯತ್ ರಷ್ಯಾದ ದೆಸೆಯಿಂದ. 1957ರಲ್ಲಿ ಸ್ಪುಟ್ನಿಕ್ ಹಾರಿತು. ಮರುವರ್ಷ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಮಾಡಿ, ಚುರುಕು ಮಕ್ಕಳನ್ನು ಗುರುತಿಸಿ ಕಾಲೇಜಿಗೆ ತಳ್ಳುವ ಕೌನ್ಸೆಲರ್‌ಗಳ ತರಬೇತಿಗೆ ಹಣ ಕೊಟ್ಟಿತು. ಬಡವರ ಮನೆಯ ಮಕ್ಕಳ ಸರದಿ ಬಂದದ್ದು ಅದಾದ ಮೇಲೆ. 1964ರ ಬಡತನ ವಿರೋಧಿ ಕಾಯ್ದೆಯಿಂದ ‘ಅಪ್‌ವರ್ಡ್ ಬೌಂಡ್’, 1965ರ ಉನ್ನತ ಶಿಕ್ಷಣ ಕಾಯ್ದೆಯಿಂದ ‘ಟ್ಯಾಲೆಂಟ್ ಸರ್ಚ್’ ಶುರುವಾದವು. ಎಲ್ಲವೂ ಸಂಬಳದ ಕೆಲಸಗಳೇ.

ಸಂಬಳವಿಲ್ಲದೆ ಜೊತೆ ನಿಲ್ಲುವವರ ಕಥೆಯಲ್ಲಿ 1981ರ ಜೂನ್‌ಗೆ ದೊಡ್ಡ ಜಾಗವಿದೆ. ಯೂಜೀನ್ ಲ್ಯಾಂಗ್ ಎಂಬ ಶ್ರೀಮಂತ ಉದ್ಯಮಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ತಾವು ಓದಿದ್ದ 121ನೇ ನಂಬರಿನ ಸರ್ಕಾರಿ ಶಾಲೆಗೆ ಭಾಷಣಕ್ಕೆ ಹೋಗಿದ್ದರು. ಎದುರಿಗೆ ಆರನೇ ತರಗತಿ ಮುಗಿಸಿದ 61 ಮಕ್ಕಳು. ಕಷ್ಟಪಟ್ಟು ಓದಿ, ಮೇಲೆ ಬನ್ನಿ ಎಂಬ ಮಾಮೂಲಿ ಮಾತು ಸಿದ್ಧವಾಗಿತ್ತು. ಇವರಲ್ಲಿ ಬಹಳ ಮಂದಿ ಹೈಸ್ಕೂಲನ್ನೇ ಮುಗಿಸಲಾರರು ಎಂದು ತಿಳಿದಾಗ ಭಾಷಣ ಅವರಿಗೇ ಸಪ್ಪೆಯೆನಿಸಿತು. ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರ ಕಾಲೇಜು ಫೀಸು ನನ್ನದು ಎಂದು ವೇದಿಕೆಯಲ್ಲೇ ಘೋಷಿಸಿಬಿಟ್ಟರು.

ಮಾತು ಕೊಟ್ಟ ಮೇಲೆ ಗೊತ್ತಾಯಿತು, ಆರು ವರ್ಷ ದೂರದ ಫೀಸಿನ ಭರವಸೆ ಹನ್ನೆರಡರ ಹುಡುಗನನ್ನು ಶಾಲೆಯಲ್ಲಿ ಕಟ್ಟಿಹಾಕದು. ಮಕ್ಕಳ ಬೆನ್ನಿಗಿರಲು ಲ್ಯಾಂಗ್ ಒಬ್ಬ ಸಂಯೋಜಕನನ್ನು ನೇಮಿಸಿದರು. ತಾವೂ ಅವರನ್ನು ಕಚೇರಿಗೆ ಕರೆಸಿಕೊಂಡು ಮಾತಾಡಿದರು. ಕೊನೆಗೆ ಆ ಮಕ್ಕಳಲ್ಲಿ ಬಹುಪಾಲು ಹೈಸ್ಕೂಲು ದಾಟಿತು. 1986ರಲ್ಲಿ ಇದೇ ಮಾದರಿಯನ್ನು ಬೇರೆ ಊರುಗಳಿಗೆ ಒಯ್ಯಲು ‘ಐ ಹ್ಯಾವ್ ಎ ಡ್ರೀಮ್’ ಪ್ರತಿಷ್ಠಾನ ಹುಟ್ಟಿತು. ಪತ್ರಿಕೆಗಳು ಬರೆದದ್ದು ಉದ್ಯಮಿಯ ಉದಾರತೆಯ ಬಗ್ಗೆ. ಬರೆಯಬೇಕಾಗಿದ್ದುದು ಆ ಸಂಯೋಜಕನ ಬಗ್ಗೆ.

ಹಣವಿದ್ದರೂ ಅದು ಕೈಸೇರದಿರುವುದಕ್ಕೆ ಇನ್ನೊಂದು ಕಾರಣ ಫಾಫ್ಸಾ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ಹಾಕುವ ಅರ್ಜಿ. ಆಗ ಅದರಲ್ಲಿ ನೂರಕ್ಕೂ ಮಿಕ್ಕಿ ಪ್ರಶ್ನೆಗಳಿದ್ದವು, ಅಪ್ಪ ಅಮ್ಮನ ತೆರಿಗೆ ಲೆಕ್ಕ ಸಮೇತ. 2008ರಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡ ಒಹಾಯೊ ರಾಜ್ಯದಲ್ಲೂ ನಾರ್ತ್ ಕೆರೊಲಿನಾದ ಶಾರ್ಲಟ್ ಸುತ್ತಲೂ ಒಂದು ಪ್ರಯೋಗ ಮಾಡಿತು. ಕಡಿಮೆ ಆದಾಯದವರು ತೆರಿಗೆ ಲೆಕ್ಕ ಕೊಡಲು ಎಚ್ ಅಂಡ್ ಆರ್ ಬ್ಲಾಕ್ ಎಂಬ ಖಾಸಗಿ ಕಂಪನಿಯ ಕಚೇರಿಗೆ ಬರುತ್ತಾರಲ್ಲ, ಅಲ್ಲೇ ಕೆಲವರಿಗೆ ಫಾಫ್ಸಾ ತುಂಬಿಕೊಟ್ಟರು. ತೆರಿಗೆಯ ವಿವರ ಹೇಗೂ ಕಂಪ್ಯೂಟರಿನಲ್ಲಿತ್ತು. ಉಳಿದದ್ದು ಕೆಲವೇ ನಿಮಿಷಗಳ ಕೆಲಸ. ಇನ್ನು ಕೆಲವರಿಗೆ ಎಷ್ಟು ನೆರವು ಸಿಕ್ಕೀತೆಂಬ ಮಾಹಿತಿ ಮಾತ್ರ ಕೊಟ್ಟು ಕಳಿಸಿದರು. ಫಾರಂ ತುಂಬಿಸಿಕೊಂಡ ಮನೆಗಳ ಹೈಸ್ಕೂಲು ಮಕ್ಕಳು ಕಾಲೇಜು ಸೇರುವ ಪ್ರಮಾಣ ಶೇ. 34ರಿಂದ 42ಕ್ಕೆ ಏರಿತು. ಬರೀ ಮಾಹಿತಿ ಪಡೆದವರಲ್ಲಿ ಏನೂ ಬದಲಾಗಲಿಲ್ಲ.

ಅದೇ 2008ರಲ್ಲಿ ಟೆನಸಿ ರಾಜ್ಯದ ನಾಕ್ಸ್ ಕೌಂಟಿಯಲ್ಲಿ ‘ನಾಕ್ಸ್ ಅಚೀವ್ಸ್’ ಶುರುವಾಯಿತು. ಕಮ್ಯುನಿಟಿ ಕಾಲೇಜಿನ ಫೀಸಿನಲ್ಲಿ ಬೇರೆಲ್ಲ ನೆರವು ಕಳೆದು ಉಳಿದದ್ದನ್ನು ಕಟ್ಟುವುದು, ಜೊತೆಗೆ ಪ್ರತಿ ವಿದ್ಯಾರ್ಥಿಗೂ ಒಬ್ಬ ಸ್ವಯಂಸೇವಕ ಮೆಂಟರ್ ಕೊಡುವುದು ಅದರ ಪದ್ಧತಿ. 2014ರಲ್ಲಿ ರಾಜ್ಯಪಾಲ ಬಿಲ್ ಹ್ಯಾಸ್ಲಮ್ ಸಹಿ ಹಾಕಿದ ‘ಟೆನಸಿ ಪ್ರಾಮಿಸ್’ ಕಾನೂನು ಇದನ್ನು ಇಡೀ ರಾಜ್ಯಕ್ಕೆ ಹರಡಿತು. ಮೊದಲ ವರ್ಷವೇ ಸುಮಾರು 58,000 ಹೈಸ್ಕೂಲು ಮಕ್ಕಳು ಹೆಸರು ಕೊಟ್ಟರು. ಅಷ್ಟು ಮಕ್ಕಳಿಗೆ ಮೆಂಟರ್‌ಗಳನ್ನು ಎಲ್ಲಿಂದ ತರುವುದು? ಬ್ಯಾಂಕು, ಚರ್ಚು, ಕಾರ್ಖಾನೆ, ನಿವೃತ್ತರ ಸಂಘಗಳ ಬಾಗಿಲು ತಟ್ಟಿದರು. ವಯಸ್ಸು 21 ದಾಟಿರಬೇಕು, ಹಿನ್ನೆಲೆ ತಪಾಸಣೆ ಆಗಬೇಕು, ತಿಂಗಳಿಗೆ ಒಂದು ಗಂಟೆ ಬಿಡುವು ಬೇಕು. ತರಬೇತಿಯೂ ಒಂದು ಗಂಟೆಯದೇ.

ಒಂದು ಗಂಟೆಯಲ್ಲಿ ಏನು ಕಲಿಸಲಾದೀತು ಎಂಬುದು ನ್ಯಾಯವಾದ ಪ್ರಶ್ನೆ. ಇಂಥ ತರಬೇತಿಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಕಡೆಯ ದಿನಾಂಕಗಳ ಪಟ್ಟಿ. ಟೆನಸಿಯಲ್ಲಂತೂ ಒಂದು ದಿನಾಂಕ ತಪ್ಪಿದರೆ ಸ್ಕಾಲರ್‌ಶಿಪ್ಪೇ ತಪ್ಪಿತು. ಉಳಿದದ್ದು ಮಾಡಬಾರದ್ದರ ಪಾಠ. ಪ್ರಬಂಧ ನೀವು ಬರೆಯಬೇಡಿ, ಪಾಸ್‌ವರ್ಡ್ ಕೇಳಬೇಡಿ. ಅಮ್ಮನ ಖಾತೆಗೂ ಮಗಳ ಖಾತೆಗೂ ಒಂದೇ ಇಮೇಲ್ ಕೊಟ್ಟರೆ ಫಾಫ್ಸಾ ಮುಂದೆ ಹೋಗದು, ಅಪ್ಪನ ಆದಾಯವನ್ನು ವಿದ್ಯಾರ್ಥಿಯ ಕಾಲಂನಲ್ಲಿ ತುಂಬಿದರೆ ನೆರವಿನ ಲೆಕ್ಕವೇ ತಲೆಕೆಳಗು ಎಂಬಂಥ ಸಣ್ಣ ವಿಷಯಗಳೇ ದೊಡ್ಡವು. ಮನೆಯಲ್ಲಿ ಪದವೀಧರರಿದ್ದರೆ ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಯಾರೋ ಒಬ್ಬರು ಹೇಳುತ್ತಿದ್ದರು.

ಮನುಷ್ಯರ ಬದಲು ಮೆಸೇಜು ಕಳಿಸಿದರೆ ಸಾಲದೇ ಎಂದೂ ನೋಡಿದ್ದಾಯಿತು. ಸುಮಾರು 8 ಲಕ್ಷ ವಿದ್ಯಾರ್ಥಿಗಳಿಗೆ ಫಾಫ್ಸಾ ತುಂಬುವಂತೆ ನೆನಪೋಲೆ ಕಳಿಸಿದ ಅಧ್ಯಯನದಲ್ಲಿ ಕಾಲೇಜು ಸೇರ್ಪಡೆ ಕದಲಲಿಲ್ಲ. ತಂತಮ್ಮ ಊರಿನ ಪರಿಚಿತರಿಂದ ಬಂದಾಗ ಫಲ ಕೊಟ್ಟಿದ್ದ ಅಂಥದೇ ಮೆಸೇಜು, ದೂರದ ಕಚೇರಿಯಿಂದ ಬಂದಾಗ ಕೊಡಲಿಲ್ಲ.

ಕೊನೆಗೆ ಸಂಸತ್ತು ಫಾರಂಗೇ ಕತ್ತರಿ ಹಾಕಿತು. 2020ರ ಡಿಸೆಂಬರಿನಲ್ಲಿ ಒಪ್ಪಿದ ಸರಳೀಕರಣ ಕಾಯ್ದೆಯಂತೆ ಸಿದ್ಧವಾದ ಹೊಸ ಫಾಫ್ಸಾದಲ್ಲಿ ಪ್ರಶ್ನೆಗಳು ಅರ್ಧಕ್ಕಿಂತ ಕಡಿಮೆ. ಆದರೆ ಅಕ್ಟೋಬರಿನಲ್ಲಿ ಬರಬೇಕಾದದ್ದು 2023ರ ಡಿಸೆಂಬರ್ 30ಕ್ಕೆ ಬಂತು, ಬಂದದ್ದೂ ಪದೇ ಪದೇ ಕೈಕೊಟ್ಟಿತು. ಸೋಷಿಯಲ್ ಸೆಕ್ಯುರಿಟಿ ನಂಬರಿಲ್ಲದ ವಲಸಿಗ ತಂದೆತಾಯಿಯ ಮಕ್ಕಳು ವಾರಗಟ್ಟಲೆ ಅರ್ಧಕ್ಕೇ ನಿಂತರು. 2024ರ ಮೇ ತಿಂಗಳಲ್ಲಿ ಶಿಕ್ಷಣ ಇಲಾಖೆ, ತಾನೇ ಸರಳಗೊಳಿಸಿದ ಈ ಅರ್ಜಿಯನ್ನು ಮಕ್ಕಳ ಪಕ್ಕ ಕೂತು ತುಂಬಿಸುವ ಶಾಲೆ ಮತ್ತು ಸಂಘಸಂಸ್ಥೆಗಳಿಗೆಂದು 5 ಕೋಟಿ ಡಾಲರ್ ತೆಗೆದಿಟ್ಟಿತು.