ತಾಮ್ರದ ಹುಳು

ನಮ್ಮೂರಿಗೆ ಬಸ್ತಿಹಳ್ಳಿ ಎಂಬ ಹೆಸರು ಬಂದದ್ದು ಇಲ್ಲಿನ ಬಸದಿಗಳಿಂದ. ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರನನ್ನು ನೋಡಿ ಬಸ್ಸು ಹತ್ತಿಬಿಡುತ್ತಾರೆ. ಕೂಗಳತೆಯಲ್ಲಿರುವ ನಮ್ಮೂರಿನವರೆಗೆ ಬಂದವರು ಮಾತ್ರ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ಬೆರಗಾಗುತ್ತಾರೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಇದು. ಇರುವೆಗೂ ನೋವಾಗಬಾರದೆನ್ನುವ ಧರ್ಮದ ಮಂದಿರ.

ಅದೇ ವರ್ಷಗಳಲ್ಲಿ ಹೊಯ್ಸಳರಿಗೆ ಸಾರ್ವಭೌಮನಾಗಿದ್ದವನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ಆಳಿದ್ದು 1126ರಿಂದ 1138ರವರೆಗೆ. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅಡಿಗೆ, ಸಂಗೀತ, ಆನೆಗಳ ಜೊತೆಗೆ ‘ಮತ್ಸ್ಯವಿನೋದ’ವೂ ಉಂಟು. ಅದು ಗಾಳ ಹಾಕುವ ವಿದ್ಯೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ರಾಜ ಅಲ್ಲಿ ಹೆಸರಿಸುತ್ತಾನೆ. ಯಾವ ಮೀನು ಏನು ತಿನ್ನುತ್ತದೆ, ಅದಕ್ಕೆ ಎಂಥ ಎರೆ ಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಎಲ್ಲ ಬರೆದಿಟ್ಟಿದ್ದಾನೆ. ಈ ಅಧ್ಯಾಯವನ್ನು 1951ರಲ್ಲಿ ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ ಅವರು ವಿವರವಾಗಿ ಪರಿಚಯಿಸಿದರು. ಒಂದೇ ಕಾಲ, ಒಂದೇ ಸಾಮ್ರಾಜ್ಯ. ಒಂದು ಕಡೆ ಕೊಲ್ಲಬೇಡ ಎನ್ನುವ ಕಲ್ಲು, ಇನ್ನೊಂದು ಕಡೆ ಮೀನು ಹಿಡಿಯುವ ಶಾಸ್ತ್ರ.

ಮೀನಿನ ಊಟ ತಿಳಿದವನಿಗೇ ಮೀನು ಸಿಕ್ಕುತ್ತದೆ ಎಂಬ ಸೋಮೇಶ್ವರನ ಮಾತಿನ ತಿರುಳು ನನಗೆ ಸ್ಪಷ್ಟವಾದದ್ದು ಒಂದು ಅಂಗುಲವೂ ಇಲ್ಲದ ತಾಮ್ರದ ಹುಳುವಿನಿಂದ. ನೀಲಗಿರಿಯಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ ಹಬ್ಬಕ್ಕೆ ಬಂದಾಗ ಅದನ್ನು ತೋರಿಸಿದ. “ಮೇಡಂ, ಇದು ಟ್ರೌಟ್ ಮೀನಿಗೆ” ಎಂದ. ಟ್ರೌಟ್ ತಣ್ಣೀರಿನ ಮೀನು. ನಮ್ಮ ಕೆರೆಯ ಬಿಸಿಗೆ ಬದುಕದು. 1860ರ ದಶಕದಲ್ಲಿ ಅದನ್ನು ನೀಲಗಿರಿಗೆ ತರಲು ಬ್ರಿಟಿಷರು ಹೆಣಗಿ ಸೋತರು. ಕೊನೆಗೆ 1907ರಲ್ಲಿ ಅವಲಾಂಚಿಯಲ್ಲಿ ಮೊಟ್ಟೆ ಮರಿ ಮಾಡಿಸುವ ಕೇಂದ್ರ ಶುರುವಾಯಿತು. ಮೀನು ಅಲ್ಲಿನ ಹೊಳೆಗಳಲ್ಲಿ ನೆಲೆಯೂರಿತು.

ನಮ್ಮ ಊಟದ ಮೇಜಿನ ಮೇಲೆಯೇ ಅವನು ಇನ್ನೊಂದು ಹುಳು ಕಟ್ಟಿದ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಗಾಳದ ಬೆನ್ನಿಗೆ ಒತ್ತಾಗಿ ಸುತ್ತಿದ. ಎದೆಯ ಭಾಗದಲ್ಲಿ ಮತ್ತೆ ಮತ್ತೆ ಸುತ್ತಿ ಉಬ್ಬು ಮಾಡಿದ. ಫೆಸೆಂಟ್ ಎಂಬ ಹಕ್ಕಿಯ ಬಾಲದ ಗರಿಯಿಂದ ನಾಲ್ಕು ಎಳೆ ತೆಗೆದು, ಅವುಗಳ ತುದಿಯನ್ನು ಬಾಲವಾಗಿ ಬಿಟ್ಟು, ಉಳಿದದ್ದನ್ನು ತಂತಿಯೊಡನೆ ಹೆಣೆದು ಸುತ್ತಿದ. ದಾರವೇ ಬೇಡ. ತಂತಿಯೇ ದಾರ, ತಂತಿಯೇ ತೂಕ, ತಂತಿಯೇ ಮೈಬಣ್ಣ. ನಾವು ಹೂವಿನ ದಂಡೆ ಕಟ್ಟುವಾಗಿನ ಬೆರಳ ಓಟವೇ ಅದು!

ಇದನ್ನು ರೂಪಿಸಿದವರು ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್. ಇದರ ಬಗ್ಗೆ ಅವರ ಪುಸ್ತಕ 1958ರಲ್ಲಿ ಬಂತು. ರೆಕ್ಕೆ ಬಲಿಯುವ ಮುನ್ನ ನೀರಿನಡಿ ಬದುಕುವ ಮರಿಹುಳುವಿಗೆ ನಿಂಫ್ ಎನ್ನುತ್ತಾರೆ. ಅದು ಈಜುವಾಗ ಕಾಲು ಮಡಚಿಕೊಳ್ಳುವುದನ್ನು ಸಾಯರ್ ಕಂಡಿದ್ದರು. ಹಾಗಾಗಿ ತಮ್ಮ ಹುಳುವಿಗೆ ಕಾಲೇ ಇಡಲಿಲ್ಲ. ಹೊಳೆಯ ಮೇಲ್ಗಡೆಗೆ ಎಸೆದು, ಮುಳುಗಲು ಬಿಟ್ಟು, ಮೀನಿನ ಹತ್ತಿರ ಬಂದಾಗ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಬೇಕು. ರೆಕ್ಕೆ ಬಿಚ್ಚಲು ಮೇಲೇಳುತ್ತಿರುವ ಹುಳುವೆಂದು ಮೀನು ಬಾಯಿ ಹಾಕುತ್ತದೆ. ಅವರ ಇನ್ನೊಂದು ಹುಳುವಿಗೆ ಬಳಸಿದ್ದು ಕಾಲುಚೀಲ ಹೊಲಿಯುವ ಉಣ್ಣೆ, ಚಾಡ್ವಿಕ್ ಕಂಪನಿಯ 477ನೇ ನಂಬರಿನದು. ಮನೆಯ ಹೊಲಿಗೆ ಡಬ್ಬಿಯಿಂದ ಹೊಳೆಗೆ ಇಳಿದ ಉಣ್ಣೆ!

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಮಗುವೊಂದು ಕೇಳಿತು: “ಮೇಡಂ, ಹುಳ ಕಟ್ಟಿದೋರಿಗೂ ಪಾಪ ಬರುತ್ತಾ?” ನಾನು ಮೇಗನ್ ಬಾಯ್ಡ್ ಅವರ ಕಥೆ ಹೇಳಿದೆ. ಸ್ಕಾಟ್ಲೆಂಡಿನ ಈ ಹೆಣ್ಣುಮಗಳು ಬಾಳಿಡೀ ಸಾಲ್ಮನ್ ಮೀನಿಗೆ ಗರಿಯ ಹುಳು ಕಟ್ಟಿದರು. ಆಗ ಯುವರಾಜರಾಗಿದ್ದ ಚಾರ್ಲ್ಸ್ ಕೂಡ ಅವರ ಗಿರಾಕಿಯಾಗಿದ್ದರು. ಆದರೆ ಅವರು ಎಂದೂ ಮೀನು ಹಿಡಿಯಲಿಲ್ಲ, ಕೊಲ್ಲುವ ಮನಸ್ಸಾಗಲಿಲ್ಲ. ಮಗುವಿಗೆ ಇದು ಉತ್ತರವೋ ಅಲ್ಲವೋ, ಮೀನು ಹಿಡಿಯಬೇಕೋ ಬೇಡವೋ ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ನಮ್ಮ ಜಿಲ್ಲೆಯ ರಾಮನಾಥಪುರದಲ್ಲೇ ನೋಡಿ, ಕಾವೇರಿಯ ಮೀನುಗಳಿಗೆ ಯಾತ್ರಿಕರು ಪುರಿ ಎಸೆಯುತ್ತಾರೆ. ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ.

ನನ್ನ ಚಿಂತೆ ಬೇರೆ. ಅದೇ ದಿನ ಮಕ್ಕಳಿಗೆ “ನಮ್ಮ ದ್ವಾರಸಮುದ್ರದ ಕೆರೆಯ ಮೀನುಗಳ ಹೆಸರು ಹೇಳಿ” ಎಂದೆ. ರೋಹು, ಕಾಟ್ಲಾ ಎಂದು ಹೇಳಿ ತರಗತಿ ಸುಮ್ಮನಾಯಿತು. ಆಗ ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ಬಿಡದ, ಮೀನು ಹಿಡಿಯುವ ಮನೆಯ ಹುಡುಗಿ ಎದ್ದು ನಿಂತಳು. ಕೊರವ, ಚೇಳುಮೀನು, ಹಾವುಮೀನು ಎಂದು ಬೆರಳು ಮಡಚುತ್ತಾ ಹೋದಳು; ಯಾವುದು ಕೆಸರಿನಲ್ಲಿರುತ್ತದೆ, ಯಾವುದು ಜೊಂಡಿನಲ್ಲಿ ಅಡಗುತ್ತದೆ ಎಂದೂ ಹೇಳಿದಳು. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಉಳಿದ ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಒಂಬೈನೂರು ವರ್ಷದ ಹಿಂದೆ ಒಬ್ಬ ರಾಜ ಕುಳಿತು ಬರೆಸಿದ ಪಾಠ ಅದು. ನಮ್ಮ ಶಾಲೆಯಲ್ಲಿ ಅದನ್ನು ಹೇಳಿಕೊಡಬಲ್ಲವಳು ಅವಳೊಬ್ಬಳೇ.