ಡ್ಯುಯಲ್ ಬೂಟ್

ಡ್ಯುಯಲ್ ಬೂಟ್ ಎಂಬುದು ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು ಸ್ಥಾಪಿಸಿ, ಯಂತ್ರವನ್ನು ಚಾಲನೆಗೊಳಿಸುವಾಗ ಅವುಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಏರ್ಪಾಡು. ಎರಡಕ್ಕಿಂತ ಹೆಚ್ಚು ವ್ಯವಸ್ಥೆಗಳಿದ್ದರೆ ಅದನ್ನು ಮಲ್ಟಿ ಬೂಟ್ ಎನ್ನಲಾಗುತ್ತದೆ. ವಿಂಡೋಸ್ ಇರುವ ಗಣಕದಲ್ಲಿ ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ ವಿತರಣೆಗಳಲ್ಲಿ ಒಂದನ್ನು ಸೇರಿಸುವುದು ಇದರ ಸಾಮಾನ್ಯ ರೂಪ. ಒಂದು ವೇಳೆಯಲ್ಲಿ ಒಂದು ವ್ಯವಸ್ಥೆ ಮಾತ್ರ ಕಾರ್ಯನಿರತವಾಗಿರುತ್ತದೆ. ಇನ್ನೊಂದನ್ನು ಬಳಸಲು ಯಂತ್ರವನ್ನು ಮರುಚಾಲನೆಗೊಳಿಸಬೇಕು.

ಕಾರ್ಯವಿಧಾನ

ಗಣಕಕ್ಕೆ ವಿದ್ಯುತ್ ದೊರೆತೊಡನೆ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಯಂತ್ರಾಂಶವನ್ನು ಪರೀಕ್ಷಿಸಿ, ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶಕ್ಕೆ ಕೆಲಸವನ್ನು ಒಪ್ಪಿಸುತ್ತದೆ. ಲಿನಕ್ಸ್‌ನೊಡನೆ ಬರುವ ಗ್ರಬ್ ಬಹುಬಳಕೆಯ ಬೂಟ್‌ಲೋಡರ್. ಇದು ಸ್ಥಾಪಿತ ವ್ಯವಸ್ಥೆಗಳ ಪಟ್ಟಿಯನ್ನು ತೆರೆಯ ಮೇಲೆ ತೋರಿಸಿ, ಕೆಲವು ಸೆಕೆಂಡುಗಳಲ್ಲಿ ಆಯ್ಕೆ ನಡೆಯದಿದ್ದರೆ ಪೂರ್ವನಿಯೋಜಿತ ವ್ಯವಸ್ಥೆಯನ್ನು ಆರಂಭಿಸುತ್ತದೆ.

ಹಳೆಯ ಬಯಾಸ್ ಗಣಕಗಳಲ್ಲಿ ಬೂಟ್‌ಲೋಡರಿನ ಆರಂಭಿಕ ಭಾಗವು ಡಿಸ್ಕಿನ ಮೊದಲ ೫೧೨ ಬೈಟ್‌ಗಳಲ್ಲಿ ಇರುತ್ತಿತ್ತು. ಅಲ್ಲಿ ಒಂದಕ್ಕೆ ಮಾತ್ರ ಸ್ಥಳವಿದ್ದುದರಿಂದ, ಅನಂತರ ಸ್ಥಾಪಿಸಿದ ವಿಂಡೋಸ್ ಅದಾಗಲೇ ಇದ್ದ ಗ್ರಬ್ ಅನ್ನು ಅಳಿಸಿಹಾಕುತ್ತಿತ್ತು. ಮೊದಲು ವಿಂಡೋಸ್, ಬಳಿಕ ಲಿನಕ್ಸ್ ಎಂಬ ಕ್ರಮ ರೂಢಿಗೆ ಬರಲು ಇದೇ ಕಾರಣ. ಈಗಿನ ಯುಇಎಫ್ಐ ಗಣಕಗಳಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ವಿಭಾಗವಿದ್ದು, ಪ್ರತಿಯೊಂದು ವ್ಯವಸ್ಥೆಯ ಬೂಟ್‌ಲೋಡರ್ ತನ್ನದೇ ಕಡತಕೋಶದಲ್ಲಿ ಇರಬಲ್ಲದು.

ಡಿಸ್ಕಿನ ವಿಭಜನೆ

ಎರಡು ವ್ಯವಸ್ಥೆಗಳು ಸಾಮಾನ್ಯವಾಗಿ ಡಿಸ್ಕಿನ ಬೇರೆ ಬೇರೆ ವಿಭಾಗಗಳಲ್ಲಿ ಅಥವಾ ಎರಡು ಡಿಸ್ಕುಗಳಲ್ಲಿ ನೆಲೆಸುತ್ತವೆ. ಎಂಬಿಆರ್ ಪದ್ಧತಿಯಲ್ಲಿ ನಾಲ್ಕು ಪ್ರಾಥಮಿಕ ವಿಭಾಗಗಳಿಗಷ್ಟೇ ಅವಕಾಶವಿದೆ. ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ ೧೨೮ ವಿಭಾಗಗಳನ್ನು ಮಾಡಬಹುದು.

ಸ್ಥಾಪನೆಯ ಹಂತಗಳು

೧. ಮುಖ್ಯ ಕಡತಗಳೆಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡುವುದು.
೨. ವಿಂಡೋಸ್‌ನ ಡಿಸ್ಕ್ ನಿರ್ವಹಣಾ ಸಾಧನದಿಂದ ಈಗಿರುವ ವಿಭಾಗವನ್ನು ಕುಗ್ಗಿಸಿ ಖಾಲಿ ಸ್ಥಳ ಬಿಡುವುದು.
೩. ಲಿನಕ್ಸ್ ವಿತರಣೆಯನ್ನು ಪೆನ್‌ಡ್ರೈವ್‌ಗೆ ಬರೆದು ಅದರಿಂದ ಗಣಕವನ್ನು ಆರಂಭಿಸುವುದು.
೪. ವೈ-ಫೈ, ಧ್ವನಿ ಮೊದಲಾದವು ಸರಿಯಾಗಿವೆಯೇ ಎಂದು ಸ್ಥಾಪನೆಗೆ ಮೊದಲೇ ಪರೀಕ್ಷಿಸುವುದು.
೫. ಖಾಲಿ ಸ್ಥಳದಲ್ಲಿ ಲಿನಕ್ಸ್ ಅನ್ನು ಸ್ಥಾಪಿಸುವುದು.

ಐದನೆಯ ಹಂತದಲ್ಲಿ "ಡಿಸ್ಕನ್ನು ಪೂರ್ಣವಾಗಿ ಅಳಿಸು" ಎಂಬರ್ಥದ ಆಯ್ಕೆಯೂ ಕಾಣಿಸಿಕೊಳ್ಳುತ್ತದೆ. ಅದನ್ನು ಒಪ್ಪಿದರೆ ವಿಂಡೋಸ್ ಹಾಗೂ ಅದರಲ್ಲಿನ ಎಲ್ಲ ಕಡತಗಳೂ ನಾಶವಾಗುತ್ತವೆ.

ಎಚ್ಚರಿಕೆಗಳು

ಬಿಟ್‌ಲಾಕರ್ ಗೂಢಲಿಪೀಕರಣವಿರುವ ಗಣಕದಲ್ಲಿ ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ೪೮ ಅಂಕಿಗಳ ಮರುಪಡೆಯುವಿಕೆ ಕೀಲಿಯನ್ನು ಕೇಳಬಹುದು. ಕೀಲಿಯಿಲ್ಲದಿದ್ದರೆ ದತ್ತಾಂಶ ಕೈಗೆ ಸಿಗುವುದಿಲ್ಲ. ಆದುದರಿಂದ ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಅವಶ್ಯ.

ವಿಂಡೋಸ್ ೮ರಿಂದ ಬಳಕೆಗೆ ಬಂದ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವು ಯಂತ್ರವನ್ನು ಪೂರ್ಣವಾಗಿ ನಿಲ್ಲಿಸದೆ ಅದರ ಸ್ಥಿತಿಯ ಒಂದಂಶವನ್ನು ಡಿಸ್ಕಿನಲ್ಲಿ ಉಳಿಸುತ್ತದೆ. ಆಗ ಲಿನಕ್ಸ್‌ನಿಂದ ವಿಂಡೋಸ್ ವಿಭಾಗಕ್ಕೆ ಬರೆದರೆ ಕಡತಗಳು ಕೆಡುವ ಸಂಭವವಿರುವುದರಿಂದ ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದು ಒಳಿತು.

ಗಣಕದ ಒಳಗಡಿಯಾರವನ್ನು ವಿಂಡೋಸ್ ಸ್ಥಳೀಯ ಕಾಲವೆಂದೂ ಲಿನಕ್ಸ್ ಸಾರ್ವತ್ರಿಕ ಕಾಲವೆಂದೂ ಭಾವಿಸುತ್ತವೆ. ಇದರಿಂದ ಭಾರತದಲ್ಲಿ ಗಡಿಯಾರವು ಐದೂವರೆ ಗಂಟೆ ತಪ್ಪು ತೋರಿಸಬಹುದು. ಸ್ಥಳೀಯ ಕಾಲವನ್ನೇ ಅನುಸರಿಸುವಂತೆ ಲಿನಕ್ಸ್‌ಗೆ ಸೂಚಿಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಲಿನಕ್ಸ್ ಬೇಡವೆನಿಸಿದಾಗ ಅದರ ವಿಭಾಗವನ್ನು ನೇರವಾಗಿ ಅಳಿಸಿದರೆ ಗ್ರಬ್ ತನ್ನ ಕಡತಗಳನ್ನು ಕಾಣದೆ ನಿಂತುಬಿಡಬಹುದು. ಮೊದಲು ವಿಂಡೋಸ್‌ನ ಬೂಟ್‌ಲೋಡರನ್ನು ಮುಖ್ಯವಾಗಿಸಿ ಅನಂತರ ವಿಭಾಗವನ್ನು ತೆಗೆಯಬೇಕು.

ಪರ್ಯಾಯಗಳು

ವರ್ಚುವಲ್ ಯಂತ್ರದ ಮೂಲಕ ಎರಡನೆಯ ವ್ಯವಸ್ಥೆಯನ್ನು ಮೊದಲನೆಯದರೊಳಗೇ ನಡೆಸಬಹುದು. ಮರುಚಾಲನೆ ಬೇಕಿಲ್ಲ, ಆದರೆ ಸ್ಮೃತಿ ಹಂಚಿಹೋಗುವುದರಿಂದ ವೇಗ ತಗ್ಗುತ್ತದೆ. ವಿಂಡೋಸ್ ೧೦ರಲ್ಲಿ ೨೦೧೬ರಿಂದ ಲಿನಕ್ಸ್ ತಂತ್ರಾಂಶಗಳನ್ನು ನಡೆಸುವ ಉಪವ್ಯವಸ್ಥೆಯೂ ಲಭ್ಯವಿದೆ. ಇಂಟೆಲ್ ಸಂಸ್ಕಾರಕವಿರುವ ಮ್ಯಾಕ್ ಗಣಕಗಳಲ್ಲಿ ವಿಂಡೋಸ್ ಸ್ಥಾಪಿಸಲು ಆಪಲ್ ೨೦೦೬ರಲ್ಲಿ ಬೂಟ್ ಕ್ಯಾಂಪ್ ಅನ್ನು ಹೊರತಂದಿತು. ೨೦೨೦ರಿಂದ ಬಂದ, ಆಪಲ್‌ನದೇ ಸಂಸ್ಕಾರಕವುಳ್ಳ ಮ್ಯಾಕ್‌ಗಳಲ್ಲಿ ಅದು ಲಭ್ಯವಿಲ್ಲ.