ನಿಸಿದಿಗಲ್ಲು: ನೋಟ ಮತ್ತು ಓದು

ಸೊರಬ ತಾಲ್ಲೂಕಿನ ಉಳವಿ ಹೋಬಳಿಯಿಂದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ, ಬಂದಳಿಕೆಗಳವರೆಗಿನ ಸೀಮೆಯು ಶಾಸನಗಳು ಹೇಳುವ ಬನವಾಸಿ ಪನ್ನಿರ್ಚ್ಛಾಸಿರದ ಹೃದಯಭಾಗ. ಇಲ್ಲಿನ ಗುಡಿಯಂಗಳಗಳಲ್ಲಿ, ಕೆರೆಯ ಏರಿಗಳಲ್ಲಿ, ಹೊಲದ ಬದುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳು ಇಂದಿಗೂ ನಿಂತಿವೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಅಂಗಳದಲ್ಲಿಯೂ ಇಂತಹ ಸ್ಮಾರಕಶಿಲೆಗಳಿವೆ. ಊರಿನಲ್ಲಿ ಸ್ಮಾರಕವಾಗಿದ್ದ ಕಲ್ಲು ಸಂಗ್ರಹಾಲಯಕ್ಕೆ ಬಂದೊಡನೆ ಶಿಲ್ಪವಾಗುತ್ತದೆ. ಆಗ ನೋಡುಗನ ಸ್ಪಂದನವೂ ಬದಲಾಗುತ್ತದೆ.

ಸಾಲಾಗಿ ನಿಲ್ಲಿಸಿದ ಕಲ್ಲುಗಳ ನಡುವೆ ಕಣ್ಣು ಮೊದಲು ಹರಿಯುವುದು ವೀರಗಲ್ಲಿನ ಕಡೆಗೆ. ಅಲ್ಲಿ ಕುದುರೆಯಿದೆ, ಎತ್ತಿದ ಕತ್ತಿಯಿದೆ, ವೀರನನ್ನು ಕೊಂಡೊಯ್ಯುವ ಅಪ್ಸರೆಯರಿದ್ದಾರೆ. ಮಾಸ್ತಿಕಲ್ಲಿನ ಬಳೆ ತೊಟ್ಟ ತೋಳು ನೋಡುಗನನ್ನು ಬೆಚ್ಚಿಸಿ ನಿಲ್ಲಿಸುತ್ತದೆ. ನಿಸಿದಿಗಲ್ಲಿನಲ್ಲಿ ಅಂತಹ ಯಾವ ಘಟನೆಯೂ ನಡೆಯುತ್ತಿರುವಂತೆ ತೋರುವುದಿಲ್ಲ. ಮೇಲಿನ ಪಟ್ಟಿಕೆಯಲ್ಲಿ ಮುಕ್ಕೊಡೆಯ ಕೆಳಗೆ ಕುಳಿತ ಜಿನ. ಕೆಳಗೆ ಉಪದೇಶಿಸುವ ಗುರು, ನಡುವೆ ಗ್ರಂಥವಿಡುವ ಪೀಠ, ಎದುರಿಗೆ ಕೈಮುಗಿದ ಶ್ರಾವಕ ಅಥವಾ ಶ್ರಾವಕಿ. ಬಹುಮಂದಿ ಕ್ಷಣಮಾತ್ರ ನೋಡಿ ಮುಂದೆ ಸಾಗುತ್ತಾರೆ.

ಆದರೆ ಈ ಎರಡು ಬಗೆಯ ಕಲ್ಲುಗಳ ವಿನ್ಯಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಎರಡರಲ್ಲಿಯೂ ಕಥನವು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕೆಳಗೆ ಕರ್ಮ, ಮೇಲೆ ಫಲ. ವೀರಗಲ್ಲಿನಲ್ಲಿ ಕಾಳಗವಿರುವ ಜಾಗದಲ್ಲಿ ನಿಸಿದಿಯ ಶಿಲ್ಪಿ ಆಲಿಸುವಿಕೆಯನ್ನು ಕಂಡರಿಸಿದ್ದಾನೆ. ಸಮಾಧಿಮರಣಕ್ಕೆ ಸಿದ್ಧವಾದ ಜೀವವೊಂದು ಗುರುವಚನವನ್ನು ಕೇಳುತ್ತ ಕುಳಿತಿರುವುದು ಯುದ್ಧಕ್ಕೆ ಸಮನಾದ ಕಾರ್ಯ ಎಂಬ ಮೌಲ್ಯನಿರ್ಣಯ ಈ ಶಾಂತಮುದ್ರೆಯ ಹಿಂದಿದೆ. ನೀರಸವೆಂದು ತೋರಿದ್ದು ವಾಸ್ತವವಾಗಿ ಸಂಯಮ.

ನಿಸಿದಿಯ ಶಿಲ್ಪಿ ಸಾಮಾನ್ಯವಾಗಿ ಮಡಿದವರ ಚಹರೆಯನ್ನು ಬಿಡಿಸಲು ಹೋಗುವುದಿಲ್ಲ. ಒಂದು ಕಲ್ಲಿನ ಶ್ರಾವಕನಿಗೂ ಇನ್ನೊಂದು ಕಲ್ಲಿನ ಶ್ರಾವಕನಿಗೂ ರೂಪದಲ್ಲಿ ಹೆಚ್ಚಿನ ಭೇದವಿಲ್ಲ. ವ್ಯಕ್ತಿಯನ್ನು ಉಳಿಸುವ ಹೊಣೆ ಅಕ್ಷರದ್ದು. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಹೆಚ್ಚಾಗಿ ವಿಜಯನಗರ ಕಾಲಕ್ಕೆ ಸೇರಿದ ನಿಸಿದಿಗಳ ಒಂದು ದೊಡ್ಡ ಸಮೂಹವೇ ಇದೆ. ಅಲ್ಲಿನ ಗೌಡ ಮನೆತನಗಳ ಗಂಡಸರು, ಹೆಂಗಸರು, ಅವರ ಗುರುಗಳು ನಮಗೆ ತಿಳಿದಿರುವುದು ಆ ಬರಹಗಳಿಂದ. ಬಂದಳಿಕೆಯ ಶಾಸನವು ಹತ್ತನೆಯ ಶತಮಾನದ ಆರಂಭದ ಜಕ್ಕಿಯಬ್ಬೆಯನ್ನು ಪರಿಚಯಿಸುತ್ತದೆ. ಪತಿ ಸತ್ತರಸ ನಾಗಾರ್ಜುನನ ಮರಣಾನಂತರ ನಾಗರಖಂಡ 70ರ ಆಡಳಿತವನ್ನು ನಡೆಸಿ, ಕೊನೆಗೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಸ್ವೀಕರಿಸಿದವಳು ಆಕೆ. ಬರಹವಿಲ್ಲದೆ ಶಿಲ್ಪವೊಂದೇ ಉಳಿದಿದ್ದರೆ ಭಕ್ತೆಯೊಬ್ಬಳು ಕಾಣುತ್ತಿದ್ದಳು, ಆಡಳಿತಗಾರ್ತಿ ಕಾಣುತ್ತಿರಲಿಲ್ಲ.

ಊರಿನ ನಂಟೂ ಅಷ್ಟೇ ಮುಖ್ಯ. ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಾಗ ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರು ದೊರೆತದ್ದು ಆ ಅಗ್ರಹಾರದ ಬ್ರಾಹ್ಮಣರಿಂದ. ಇಂತಹ ನೆರೆಹೊರೆಯ ಬಾಂಧವ್ಯವನ್ನು ಊರಿನಿಂದ ಬೇರ್ಪಟ್ಟ ಜಿನಬಿಂಬವೊಂದು ತಾನಾಗಿ ಹೇಳಲಾರದು.

ಹಾಗೆಂದು ಸಂಗ್ರಹಾಲಯವನ್ನು ದೂರುವಂತಿಲ್ಲ. ಬಯಲಿನ ಕಲ್ಲು ಮಳೆಗೆ ಸವೆಯುತ್ತದೆ, ನಿಧಿಯಾಸೆಗೆ ಒಡೆಯುತ್ತದೆ, ಕೆಲವೊಮ್ಮೆ ಬಟ್ಟೆ ಒಗೆಯುವ ಹಾಸಾಗುತ್ತದೆ. ರಕ್ಷಣೆ ಅಗತ್ಯ. ಹಲ್ಮಿಡಿಯ ಮೂಲಶಾಸನ ಮೈಸೂರಿನಲ್ಲಿ ಸುರಕ್ಷಿತವಾಗಿದ್ದು, ಅದರ ಪ್ರತಿಕೃತಿ ಹಲ್ಮಿಡಿಯಲ್ಲಿಯೇ ನಿಂತಿರುವುದು ಒಂದು ಮಾದರಿ. ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟವು ಸೊರಬದ ಶಾಸನಗಳನ್ನು ಊರಿನ ಹೆಸರಿನೊಂದಿಗೆ, ಕಲ್ಲಿದ್ದ ಜಾಗದೊಂದಿಗೆ ದಾಖಲಿಸಿತು. ಕಲ್ಲು ಎಲ್ಲಿಗೆ ಹೋದರೂ ಅದರ ವಿಳಾಸ ಅಳಿಯದಂತೆ ಕಾಯ್ದ ಕೆಲಸವದು.

ನಿಸಿದಿಗಲ್ಲಿನ ಪಕ್ಕದ ಫಲಕದಲ್ಲಿ ‘ನಿಸಿದಿಗಲ್ಲು, 14ನೆಯ ಶತಮಾನ’ ಎಂದಷ್ಟೇ ಬರೆದರೆ ಶಿಲ್ಪದ ವರ್ಗ ತಿಳಿಯುತ್ತದೆ, ಮನುಷ್ಯ ತಿಳಿಯುವುದಿಲ್ಲ. ಮಡಿದವರ ಹೆಸರು, ಗುರುವಿನ ಹೆಸರು, ಕಲ್ಲು ನಿಂತಿದ್ದ ಊರು ಈ ಮೂರನ್ನಾದರೂ ಬರೆಯಬೇಕು. ಕೈಮುಗಿದು ಕುಳಿತ ಆ ಪುಟ್ಟ ಆಕೃತಿ ಯಾರದೆಂದು ತಿಳಿದ ಬಳಿಕವೇ ನೋಡುಗನ ಮೆಚ್ಚುಗೆಗೆ ಮರುಕವೂ ಗೌರವವೂ ಕೂಡಿಕೊಳ್ಳುತ್ತವೆ.